ಕಾಣದ ಗ್ರಹಗಳ ಸಾಕ್ಷ್ಯ

ನಮ್ಮ ಸೂರ್ಯನಿಗೆ ಇರುವಂತೆ ಬೇರೆ ನಕ್ಷತ್ರಗಳಿಗೂ ಗ್ರಹಪರಿವಾರ ಇದ್ದೀತೆ ಎಂಬ ಪ್ರಶ್ನೆ ಬಹಳ ಹಳೆಯದು. ಇದೆ ಎಂಬ ನಿಶ್ಚಿತವಾದ ಉತ್ತರ ದೊರೆತದ್ದು ಮಾತ್ರ ತೀರ ಈಚೆಗೆ, 1990ರ ದಶಕದಲ್ಲಿ. ಅಲ್ಲಿಂದ ಮುಂದೆ ಪಟ್ಟಿ ಬೆಳೆಯುತ್ತ ಹೋಗಿ, 2025ರ ಸೆಪ್ಟೆಂಬರಿನಲ್ಲಿ ದೃಢಪಟ್ಟ ಇಂಥ ಗ್ರಹಗಳ ಸಂಖ್ಯೆ 6000ವನ್ನು ಮುಟ್ಟಿತೆಂದು ಅಮೆರಿಕದ ನಾಸಾ ಸಂಸ್ಥೆ ತಿಳಿಸಿತು. ಈ ಆರು ಸಾವಿರದಲ್ಲಿ ದೂರದರ್ಶಕದ ಕಣ್ಣಿಗಾದರೂ ನೇರವಾಗಿ ಬಿದ್ದವು ನೂರಕ್ಕೂ ಕಡಿಮೆ. ಉಳಿದವನ್ನು ಯಾರೂ ಕಂಡಿಲ್ಲ. ಒಡೆಯನಾದ ನಕ್ಷತ್ರದ ಬೆಳಕು ಒಂದಿಷ್ಟು ಕುಗ್ಗಿತು, ಇಲ್ಲವೆ ಆ ನಕ್ಷತ್ರವೇ ಒಂದಿಷ್ಟು ಅಲುಗಿತು; ಅಷ್ಟರಿಂದ ಗ್ರಹವನ್ನು ಊಹಿಸಿದ್ದಾರೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ನಮ್ಮ ತರ್ಕಶಾಸ್ತ್ರದಲ್ಲಿ ಒಪ್ಪಿತವಾದ ಪ್ರಮಾಣವೇ. ಆದರೆ ಕಂಡದ್ದು ಹೊಗೆಯೋ ಮಂಜೋ ಎಂಬ ಶಂಕೆಯನ್ನೂ ಅದೇ ತಾರ್ಕಿಕರು ಎತ್ತಿದ್ದಾರೆ. ನಾನು ಇಂದು ಹೇಳಹೊರಟಿರುವುದು ಈ ಎರಡನೆಯ ಶಂಕೆಯ ಚರಿತ್ರೆಯನ್ನು.

ಈ ಚರಿತ್ರೆಯನ್ನು ಇಂಡಿ ತಾಲೂಕಿನಿಂದ ತೊಡಗಬಹುದು. ಅಲ್ಲಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ ಒಂದು ಕಂಬಶಾಸನವಿದೆ. ಅವನ ಮಂತ್ರಿಯಾದ ನಾರಾಯಣನೆಂಬವನು ಆ ಊರಿನಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದ. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ನೆಲಸುತ್ತಿದ್ದರು. ವಸತಿಗೆ 27 ಮನೆಗಳು, ದೀಪದ ವೆಚ್ಚಕ್ಕೆಂದೇ ಬೇರೆಯಾಗಿ ಭೂಮಿ, ಮದುವೆ ಮುಂಜಿಗಳಾದಾಗ ಶಾಲೆಗೆ ಸಲ್ಲಬೇಕಾದ ಕಾಣಿಕೆ, ಇವೆಲ್ಲ ಅದರಲ್ಲಿ ನಮೂದಾಗಿವೆ. ವಿದ್ಯೆಯ ಇತಿಹಾಸ ಬರೆಯುವವರು ಈ ಶಾಸನವನ್ನು ಮತ್ತೆ ಮತ್ತೆ ಉದಾಹರಿಸುವುದು ಈ ವಿವರಗಳಿಗಾಗಿ. ನನಗೆ ಇಲ್ಲಿ ಬೇಕಾದದ್ದು ದಾನದ ಕಾಲ. ಶಕ 867ರ ಭಾದ್ರಪದ ಅಮಾವಾಸ್ಯೆ, ಮಂಗಳವಾರ, ಸೂರ್ಯಗ್ರಹಣ ಎಂದು ಅಲ್ಲಿದೆ. ಶಾಸನತಜ್ಞರು ಲೆಕ್ಕ ಹಾಕಿ ಇದು ಕ್ರಿ.ಶ. 945ರ ಸೆಪ್ಟೆಂಬರ್ 9 ಎಂದು ಗೊತ್ತುಮಾಡಿದ್ದಾರೆ. ಅಂದು ತಿಥಿಯೂ ಕೂಡುತ್ತದೆ, ವಾರವೂ ಕೂಡುತ್ತದೆ, ಗ್ರಹಣವೂ ಕೂಡುತ್ತದೆ. ಶಾಸನ ಬರೆಸಿದವನಿಗೆ ಸಾವಿರ ವರ್ಷದ ಮೇಲೆ ಯಾರೋ ತನ್ನ ಮಾತನ್ನು ಒರೆಗೆ ಹಚ್ಚಿಯಾರು ಎಂಬ ಎಣಿಕೆ ಇದ್ದಿರಲಾರದು. ಆದರೂ ಒಂದನ್ನೊಂದು ಅವಲಂಬಿಸದ ಮೂರು ಗುರುತುಗಳು ಒಂದೇ ದಿನದಲ್ಲಿ ಬಂದು ಸೇರುವುದರಿಂದ ನಾವು ಆ ಮಾತನ್ನು ನಂಬುತ್ತೇವೆ.

ಇದಕ್ಕೆ ವ್ಯತಿರಿಕ್ತವಾದ ಒಂದು ಉದಾಹರಣೆಯೂ ನಮ್ಮ ಜಿಲ್ಲೆಯಲ್ಲೇ ಇದೆ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನು ತನ್ನ ಊರು ಸಹ್ಯಾದ್ರಿಯ ಆಶ್ರಯದಲ್ಲಿರುವ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಹೆಸರಿನ ಹೋಲಿಕೆಯನ್ನು ಹಿಡಿದು ಅದು ವಿಜಾಪುರವೇ ಎಂದು ನಮ್ಮಲ್ಲಿ ಅನೇಕರು ಬರೆದರು, ಈಗಲೂ ಬರೆಯುತ್ತಾರೆ. ವಿಜಾಪುರ ಸಹ್ಯಾದ್ರಿಯ ಮೇಲಿಲ್ಲ. ಭಾಸ್ಕರನ ಮೊಮ್ಮಗ ಚಾಂಗದೇವನು ಅಜ್ಜನ ಗ್ರಂಥಗಳನ್ನು ಪಾಠ ಹೇಳಲೆಂದು ಕಟ್ಟಿಸಿದ ಮಠದ 1207ರ ಶಾಸನ ದೊರೆತಿರುವುದು ಖಾನದೇಶದ ಚಾಳೀಸಗಾಂವದ ಹತ್ತಿರ, ಪಾಟಣದಲ್ಲಿ. ಅಭಿಮಾನ ಎಷ್ಟೇ ಇರಲಿ, ಸಾಕ್ಷ್ಯ ವಾಲುವುದು ಆ ಕಡೆಗೇ. ಒಂದೇ ಹೋಲಿಕೆಯ ಮೇಲೆ ಕಟ್ಟಿದ ಊಹೆಯ ಗತಿ ಇದು. ಆಕಾಶದ ವಿಷಯದಲ್ಲೂ ಇದೇ ಗತಿಯನ್ನು ಮುಂದೆ ಕಾಣಲಿದ್ದೇವೆ.

ಗ್ರಹಣವೆಂದರೆ ಬೆಳಗುವ ಕಾಯಕ್ಕೂ ನೋಡುವವನಿಗೂ ನಡುವೆ ಬೆಳಗದ ಕಾಯವೊಂದು ಬರುವುದು, ಅಷ್ಟೆ. ಚಂದ್ರ ಬಂದರೆ ಸೂರ್ಯ ಮರೆಯಾಗುತ್ತಾನೆ. ಶುಕ್ರ ಬಂದರೆ ಸೂರ್ಯಬಿಂಬದ ಮೇಲೆ ಒಂದು ಕರಿಯ ಬೊಟ್ಟು ಸರಿದುಹೋಗುತ್ತದೆ. 2004ರಲ್ಲಿ ಮತ್ತು 2012ರಲ್ಲಿ ಈ ಶುಕ್ರ ಸಂಕ್ರಮವನ್ನು ನಮ್ಮಲ್ಲಿ ಬಹಳ ಜನ ನೋಡಿದರು. ಬೆಳಗುವ ಕಾಯ ಬಿಂಬವೇ ಕಾಣದಷ್ಟು ದೂರದ ನಕ್ಷತ್ರವಾದರೆ ಬೊಟ್ಟು ಕಾಣುವುದಿಲ್ಲ, ಬೆಳಕು ತುಸು ಕಡಿಮೆಯಾದದ್ದು ಮಾತ್ರ ಅಳತೆಗೆ ಸಿಕ್ಕೀತು. ಇಂದು ತಿಳಿದಿರುವ ಅನ್ಯಸೂರ್ಯರ ಗ್ರಹಗಳಲ್ಲಿ ಬಹುಪಾಲು ಪತ್ತೆಯಾದದ್ದು ಈ ಗ್ರಹಣದ ದಾರಿಯಿಂದಲೇ. ಇನ್ನೊಂದು ದಾರಿ ರೋಹಿತದರ್ಶಕದ್ದು. ಅದರ ಕಥೆಗೂ ನಮ್ಮ ನೆಲದ ಮೇಲೆ ಬಿದ್ದ ಒಂದು ನೆರಳಿಗೂ ಸಂಬಂಧವಿದೆ.

1868ರ ಆಗಸ್ಟ್ 18, ಶ್ರಾವಣದ ಅಮಾವಾಸ್ಯೆ. ಅಂದೂ ಮಂಗಳವಾರವೇ ಆಗಿತ್ತೆಂಬುದು ಕಾಕತಾಳೀಯ. ಆ ಬೆಳಿಗ್ಗೆ ಚಂದ್ರನ ನೆರಳು ಪಶ್ಚಿಮ ಸಮುದ್ರದಿಂದ ಬಂದು ಜಮಖಂಡಿ, ವಿಜಾಪುರಗಳನ್ನು ಹಾಯ್ದು ಗುಂಟೂರು, ಮಚಲಿಪಟ್ಟಣಗಳ ಮೇಲಾಗಿ ಬಂಗಾಳ ಕೊಲ್ಲಿಗೆ ಇಳಿಯಿತು. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕೂ ಊರುಗಳು ಆ ನೆರಳಿನ ಪಟ್ಟಿಯೊಳಗೆ ಇದ್ದವು. ಆಗ ಇವು ಮುಂಬಯಿ ಇಲಾಖೆಯ ಕಲಾದಗಿ ಜಿಲ್ಲೆಗೆ ಸೇರಿದ್ದವು. ಜಮಖಂಡಿ ಪಟವರ್ಧನರ ಸಂಸ್ಥಾನ. ಹಗಲಿನಲ್ಲಿ ಸುಮಾರು ಐದು ನಿಮಿಷ ಇರುಳಾಯಿತು. ಖಗ್ರಾಸ ಗ್ರಹಣದಲ್ಲಿ ಸೂರ್ಯನ ಅಂಚಿನಿಂದ ಕೆಂಪು ನಾಲಗೆಗಳು ಚಾಚಿದಂತೆ ಕಾಣುವುದುಂಟು. ಅವು ಉರಿಯುವ ಅನಿಲವೋ ಅಥವಾ ಬೆಳಕನ್ನು ಪ್ರತಿಫಲಿಸುವ ಮೋಡಗಳೋ ಎಂಬುದು ಆಗಿನ ಪ್ರಶ್ನೆ. ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡುವ ರೋಹಿತದರ್ಶಕ ಅಷ್ಟು ಹೊತ್ತಿಗೆ ಸಿದ್ಧವಾಗಿತ್ತು. ಅದನ್ನು ಗ್ರಹಣದ ಮೇಲೆ ಪ್ರಯೋಗಿಸಲು ಬಂದವರಲ್ಲಿ ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ನಿಂತ. ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಜಮಖಂಡಿಯಲ್ಲಿ ನಿಂತವನು ಸರ್ವೇ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್. ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಎಂಬವನು ಕೈಯಲ್ಲಿ ಹಿಡಿದು ನೋಡುವ ಚಿಕ್ಕ ರೋಹಿತದರ್ಶಕದೊಡನೆ ಕಾದಿದ್ದ.

ಮಳೆಗಾಲದ ಮೋಡ. ಗ್ರಹಣದ ಅಮೂಲ್ಯವಾದ ಐದು ನಿಮಿಷದಲ್ಲಿ ಹರ್ಷೆಲನಿಗೆ ದೊರೆತದ್ದು ಮೋಡಗಳ ನಡುವಿನ ಸಂದುಗಳು ಮಾತ್ರ. ಆ ಸಂದಿನಲ್ಲೇ ಅವನು ಮೂರು ಉಜ್ವಲವಾದ ಗೆರೆಗಳನ್ನು ಕಂಡ: ಕೆಂಪು, ಕಿತ್ತಳೆ, ನೀಲಿ. ಬಿಡಿಬಿಡಿ ಗೆರೆಗಳು ಬಂದರೆ ಅದು ಅನಿಲವೇ, ಪ್ರಶ್ನೆ ಬಗೆಹರಿಯಿತು. ವಿಜಾಪುರದಲ್ಲಿ ಹೇಗನಿಗೂ ಒಂದು ಗುಲಾಬಿಗೆಂಪಿನ, ಒಂದು ಹೊಂಬಣ್ಣದ ಪಟ್ಟಿ ಕಂಡವು. ಇಷ್ಟು ಗಟ್ಟಿ. ಆದರೆ ಆ ಕಿತ್ತಳೆ ಗೆರೆಯ ಸ್ಥಾನವನ್ನು ಅಳೆದ ಹರ್ಷೆಲ್ ಅದು ಸೋಡಿಯಮ್ಮಿನ ಗೆರೆಗೆ ಸರಿಹೊಂದುತ್ತದೆ ಎಂದು ಬರೆದ. ಅದು ಸೋಡಿಯಂ ಆಗಿರಲಿಲ್ಲ. ಸೋಡಿಯಮ್ಮಿನ ಜೋಡಿಗೆರೆಗಳ ಪಕ್ಕದಲ್ಲೇ ಇದ್ದ ಬೇರೊಂದು ಗೆರೆ. ಅದು ಬೇರೆಯೆಂದು ಅದೇ ವರ್ಷದ ಕೊನೆಯೊಳಗೆ ಇಂಗ್ಲೆಂಡಿನ ಲಾಕ್ಯರ್ ತೋರಿಸಿದ. ಆ ಅನಿಲಕ್ಕೆ ಹೀಲಿಯಂ ಎಂದು ಹೆಸರಾಯಿತು. 1895ರಲ್ಲಿ ರಾಮ್ಸೆ ಅದನ್ನು ಭೂಮಿಯ ಮೇಲೂ ಪಡೆದ. ಜಮಖಂಡಿಯಲ್ಲಿ ಹೀಲಿಯಮ್ಮಿನ ಬೆಳಕು ಹರ್ಷೆಲನ ಕಣ್ಣಿಗೆ ಬಿದ್ದೇ ಇತ್ತು, ಆದರೆ ಅದರ ಗುರುತು ಆಗಲಿಲ್ಲ. ಕಂಡದ್ದು ನಿಜ, ಓದಿದ್ದು ತಪ್ಪು. ಈ ಎರಡರ ನಡುವಣ ಅಂತರ ಇಲ್ಲಿಂದ ಮುಂದೆ ನಮ್ಮನ್ನು ಬಿಡುವುದಿಲ್ಲ.

ರೋಹಿತದ ಗೆರೆಗಳಿಂದ ವಸ್ತು ತಿಳಿಯುವುದಷ್ಟೇ ಅಲ್ಲ, ವೇಗವೂ ತಿಳಿಯುತ್ತದೆ. ಇಂಡಿ ರೋಡ್ ನಿಲ್ದಾಣದಲ್ಲಿ ನಿಲ್ಲದೆ ಹಾದುಹೋಗುವ ರೈಲಿನ ಸೀಟಿ ಹತ್ತಿರ ಬರುವಾಗ ಏರಿದ ಸ್ವರದಲ್ಲಿ, ದಾಟಿಹೋದೊಡನೆ ಇಳಿದ ಸ್ವರದಲ್ಲಿ ಕೇಳುತ್ತದೆ. ಬೆಳಕಿಗೂ ಹೀಗೆಯೇ: ನಕ್ಷತ್ರ ನಮ್ಮತ್ತ ಬರುತ್ತಿದ್ದರೆ ಗೆರೆಗಳು ನೀಲಿಯ ಕಡೆಗೆ, ದೂರ ಸರಿಯುತ್ತಿದ್ದರೆ ಕೆಂಪಿನ ಕಡೆಗೆ ಕೂದಲೆಳೆಯಷ್ಟು ಜರುಗುತ್ತವೆ. ನಮ್ಮ ಜಿಲ್ಲೆಯ ಮೇಲೆ ನೆರಳು ಬಿದ್ದ ಅದೇ 1868ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಈ ಜರುಗನ್ನು ಲುಬ್ಧಕ ನಕ್ಷತ್ರದಲ್ಲಿ ಅಳೆದು, ಅದು ಸೆಕೆಂಡಿಗೆ ಸುಮಾರು 29 ಮೈಲಿಯಂತೆ ನಮ್ಮಿಂದ ದೂರ ಹೋಗುತ್ತಿದೆ ಎಂದು ಸಾರಿದ. ಲುಬ್ಧಕ ವಾಸ್ತವವಾಗಿ ಸೆಕೆಂಡಿಗೆ ಐದೂವರೆ ಕಿಲೋಮೀಟರಿನಂತೆ ನಮ್ಮ ಕಡೆಗೆ ಬರುತ್ತಿದೆ. ವಿಧಾನ ಸರಿ, ಉಪಕರಣದ ಸೂಕ್ಷ್ಮತೆ ಸಾಲದು. ಗ್ರಹವನ್ನು ಹಿಡಿಯಲು ಬೇಕಾದ ಸೂಕ್ಷ್ಮತೆಯಾದರೂ ಎಷ್ಟು? ಮಗುವಿನ ಕೈಹಿಡಿದು ಗಿರಗಿರನೆ ತಿರುಗಿಸುವ ತಂದೆ ತಾನೂ ತುಸು ಹಿಂದಕ್ಕೆ ವಾಲಿ ಸುತ್ತುತ್ತಾನಲ್ಲವೆ? ಹಾಗೆ ಗುರುಗ್ರಹ ಸೂರ್ಯನನ್ನು ಸೆಕೆಂಡಿಗೆ ಹನ್ನೆರಡೂವರೆ ಮೀಟರಿನಂತೆ ಅಲುಗಿಸುತ್ತದೆ. ಭೂಮಿ ಅಲುಗಿಸುವುದು ಸೆಕೆಂಡಿಗೆ 9 ಸೆಂಟಿಮೀಟರ್. ಇರುವೆಗಿಂತ ಬಹಳ ಮುಂದೇನೂ ಅಲ್ಲ.

ಆದರೆ ಈ ಸೂಕ್ಷ್ಮತೆ ಬರುವ ಎಷ್ಟೋ ಮೊದಲೇ ಗ್ರಹ ಕಂಡೆವೆಂಬ ಘೋಷಣೆಗಳು ಹೊರಟವು. ಅವುಗಳಲ್ಲಿ ಬಹಳ ಹಿಂದಿನದೊಂದು ಹೊರಟದ್ದು ಮದರಾಸಿನಿಂದ. ಅಲ್ಲಿನ ಈಸ್ಟ್ ಇಂಡಿಯಾ ಕಂಪನಿಯ ವೀಕ್ಷಣಾಲಯದಲ್ಲಿದ್ದ ಕ್ಯಾಪ್ಟನ್ ವಿಲಿಯಂ ಸ್ಟೀಫನ್ ಜೇಕಬ್ 1855ರಲ್ಲಿ ಉರಗಧರ ಮಂಡಲದ 70ನೆಯ ನಕ್ಷತ್ರದ ಬಗೆಗೆ ಬರೆದ. ಅದು ಒಂದನ್ನೊಂದು 88 ವರ್ಷಕ್ಕೊಮ್ಮೆ ಸುತ್ತುವ ಜೋಡಿ ನಕ್ಷತ್ರ. ಲೆಕ್ಕ ಹಾಕಿದ ಕಕ್ಷೆಗೂ ಅಳೆದ ಸ್ಥಾನಕ್ಕೂ ಬರುತ್ತಿದ್ದ ವ್ಯತ್ಯಾಸವನ್ನು ಕಂಡು, ಅಲ್ಲೊಂದು ಕಾಣದ ಗ್ರಹ ಎಳೆಯುತ್ತಿರುವುದು ಬಹು ಸಂಭವ ಎಂದು ಅವನು ತೀರ್ಮಾನಿಸಿದ. 1896ರಲ್ಲಿ ಅಮೆರಿಕದ ಸೀ ಎಂಬವನು ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದ. 1899ರಲ್ಲಿ ಮೋಲ್ಟನ್ ಎಂಬ ಗಣಿತಜ್ಞ, ಸೀ ಹೇಳಿದಂಥ ಕಕ್ಷೆಯಲ್ಲಿ ಯಾವ ಕಾಯವೂ ಬಹುಕಾಲ ನಿಲ್ಲಲಾರದು ಎಂದು ತೋರಿಸಿ ಆ ವಾದವನ್ನು ಕೆಡವಿದ. ಆ ಗ್ರಹ ಇಂದಿಗೂ ದೊರೆತಿಲ್ಲ. ಜೇಕಬನ ವಿಷಯದಲ್ಲಿ ನನಗೆ ಗೌರವವೇ ಇದೆ: ಅವನು ಸಂಭವ ಎಂದನೇ ಹೊರತು ಸಿದ್ಧ ಎನ್ನಲಿಲ್ಲ, ಮತ್ತು ಯಾವ ದಾರಿಯಲ್ಲಿ ಹುಡುಕಬೇಕೆಂಬುದನ್ನು ಸರಿಯಾಗಿಯೇ ಹಿಡಿದಿದ್ದ.

ಪೀಟರ್ ವಾನ್ ಡಿ ಕಾಂಪನ ಕಥೆ ಇದಕ್ಕಿಂತ ಹೆಚ್ಚು ಕರುಣಾಜನಕವಾದದ್ದು. ಅಮೆರಿಕದ ಸ್ಪ್ರೌಲ್ ವೀಕ್ಷಣಾಲಯದಲ್ಲಿ ಅವನು ಬರ್ನಾರ್ಡನ ನಕ್ಷತ್ರವೆಂಬ ಮಂದವಾದ ನೆರೆಯ ತಾರೆಯನ್ನು ದಶಕಗಳ ಕಾಲ ಬೆಂಬತ್ತಿದ. ಎರಡು ಸಾವಿರಕ್ಕೂ ಹೆಚ್ಚು ಛಾಯಾಫಲಕಗಳನ್ನು ಅಳೆದು 1963ರಲ್ಲಿ, ಗುರುವಿಗಿಂತ ತುಸು ದೊಡ್ಡದಾದ ಗ್ರಹ ಅದನ್ನು 24 ವರ್ಷಕ್ಕೊಮ್ಮೆ ಸುತ್ತುತ್ತಿದೆ ಎಂದು ಪ್ರಕಟಿಸಿದ. ಜಗತ್ತು ಹತ್ತು ವರ್ಷ ಅದನ್ನು ನಂಬಿತು, ಪಠ್ಯಪುಸ್ತಕಗಳಿಗೂ ಅದು ಏರಿತು. 1973ರಲ್ಲಿ ಬೇರೆ ದೂರದರ್ಶಕಗಳ ಫಲಕಗಳನ್ನು ಅಳೆದ ಗೇಟ್‌ವುಡ್ ಮತ್ತು ಐಕ್‌ಹಾರ್ನ್ ಎಂಬವರಿಗೆ ಅಂಥ ಅಲುಗಾಟ ಕಾಣಲೇ ಇಲ್ಲ. ಅದೇ ವರ್ಷ ಸ್ಪ್ರೌಲಿನವರೇ ಆದ ಹರ್ಷಿ ಎಂಬವರು ಆ ದೂರದರ್ಶಕದ ಬೇರೆ ನಕ್ಷತ್ರಗಳ ಫಲಕಗಳನ್ನು ಪರೀಕ್ಷಿಸಿದರೆ, ಅವೂ ಅದೇ ವರ್ಷಗಳಲ್ಲಿ ಜಿಗಿದಿದ್ದವು! ಆ ಜಿಗಿತಗಳು ದೂರದರ್ಶಕದ ಮಸೂರವನ್ನು ಬಿಚ್ಚಿ ಹೊಂದಿಸಿದ ಕಾಲಕ್ಕೆ ಕೂಡಿಬರುತ್ತಿದ್ದವು. ಅಲುಗಿದ್ದು ನಕ್ಷತ್ರವಲ್ಲ, ಮಸೂರ.

ಇಲ್ಲಿ ನನಗೆ ನಮ್ಮ ಸೀಮೆಯ ಒನಕೆಯ ನೆನಪಾಗುತ್ತದೆ. ಗ್ರಹಣ ಹಿಡಿದಾಗ ಪರಾತದಲ್ಲಿ ನೀರು ಹಾಕಿ ಅದರ ನಡುವೆ ಒನಕೆ ನಿಲ್ಲಿಸಿ ನೋಡುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ನಿಂತರೆ ಗ್ರಹಣ ಹಿಡಿದಿದೆ, ಬಿದ್ದರೆ ಬಿಟ್ಟಿದೆ. ಒನಕೆ ನಿಲ್ಲುವುದು ಸುಳ್ಳಲ್ಲ, ಎಲ್ಲರ ಕಣ್ಣೆದುರಿಗೆ ನಿಲ್ಲುತ್ತದೆ. ಆದರೆ ಬುಡ ಸಮನಾಗಿದ್ದರೆ ತಾಳ್ಮೆಯಿಂದ ನಿಲ್ಲಿಸಿದವರಿಗೆ ಅದು ಯಾವ ದಿನವೂ ನಿಂತೀತು. ಗ್ರಹಣವಿಲ್ಲದ ದಿನ ಅದನ್ನು ನಿಲ್ಲಿಸಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ, ಅಷ್ಟೆ. ಹರ್ಷಿ ಮಾಡಿದ್ದು ಗ್ರಹಣವಿಲ್ಲದ ದಿನ ಒನಕೆ ನಿಲ್ಲಿಸಿ ನೋಡಿದ ಕೆಲಸ. ಗ್ರಹಾನ್ವೇಷಣೆಯ ವಿಶ್ವಾಸಾರ್ಹತೆಯೆಂಬುದು ಬಹುಮಟ್ಟಿಗೆ ಈ ಕೆಲಸದ ಮೇಲೆ, ಅಂದರೆ ಅದೇ ಗುರುತನ್ನು ಗ್ರಹವಿಲ್ಲದೆಯೂ ತೋರಿಸಬಲ್ಲದ್ದು ಇನ್ನೇನಿದೆ ಎಂದು ಹುಡುಕುವುದರ ಮೇಲೆ ನಿಂತಿದೆ ಎಂದು ನನ್ನ ಅಭಿಪ್ರಾಯ.

ಜೇಕಬನಿದ್ದ ಮದರಾಸು ವೀಕ್ಷಣಾಲಯದ ವಂಶದಲ್ಲೇ ಬಂದದ್ದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಆ ಸಂಸ್ಥೆಯ ವೀಕ್ಷಣಾಲಯ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿದೆ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ಮಂದ ನಕ್ಷತ್ರದ ಮುಂದೆ ಹಾಯುವುದಿತ್ತು. ಕಾವಲೂರಿನ ಒಂದು ಮೀಟರ್ ದೂರದರ್ಶಕದಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿಯವರು ಅದನ್ನು ಕಾಯುತ್ತಿದ್ದರು. ನಕ್ಷತ್ರ ಕೆಲವು ಸೆಕೆಂಡು ಮಂಕಾಗಿ ಮತ್ತೆ ಬೆಳಗಿತು. ಮರೆ ಮಾಡಿದ್ದು ಯುರೇನಸ್ ಅಲ್ಲ. ಹಾಗಾದರೆ ಅದರ ಹೊಸದೊಂದು ಉಪಗ್ರಹವಿರಬೇಕೆಂದು ಅವರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ಇರುಳು ದಕ್ಷಿಣ ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿ ಹಾರುತ್ತಿದ್ದ ಅಮೆರಿಕದ ಎಲಿಯಟ್ ಮತ್ತು ಸಂಗಡಿಗರಿಗೆ ಇಂಥ ಮಂಕು ಹಲವು ಬಾರಿ ಕಂಡಿತು. ಗ್ರಹದ ಈಚೆಗೆ ಕಂಡಷ್ಟು ದೂರದಲ್ಲೇ ಆಚೆಗೂ ಕಂಡಿತು. ಅದು ಉಪಗ್ರಹವಲ್ಲ, ಶನಿಗೆ ಇರುವಂತೆ ಯುರೇನಸ್ಸಿಗೂ ಉಂಗುರಗಳು. 1986ರ ಜನವರಿಯಲ್ಲಿ ವಾಯೇಜರ್ 2 ಹತ್ತಿರ ಹಾದುಹೋಗಿ ಅವುಗಳ ಚಿತ್ರ ತೆಗೆಯಿತು. ಕಾವಲೂರಿನವರು ಕಂಡದ್ದು ಆ ಉಂಗುರಗಳಲ್ಲೊಂದರ ನಿಜವಾದ ನೆರಳು. ಯುರೇನಸ್ಸನ್ನು 1781ರಲ್ಲಿ ಕಂಡುಹಿಡಿದ ವಿಲಿಯಂ ಹರ್ಷೆಲ್ ಮೊದಲು ಅದನ್ನು ಧೂಮಕೇತುವೆಂದು ತಿಳಿದಿದ್ದ. ಮುಂದೆ ಅದಕ್ಕೆ ಆರು ಉಪಗ್ರಹಗಳನ್ನು ಎಣಿಸಿದ, ಅವುಗಳಲ್ಲಿ ನಾಲ್ಕು ಇರಲೇ ಇಲ್ಲ. ಜಮಖಂಡಿಯಲ್ಲಿ ಹೀಲಿಯಮ್ಮನ್ನು ಸೋಡಿಯಂ ಎಂದವನು ಈ ವಿಲಿಯಮ್ಮನ ಮೊಮ್ಮಗನೇ! ಇಂಥವರ ಸಾಲಿನಲ್ಲಿ ನಿಲ್ಲುವುದು ಕಾವಲೂರಿಗೆ ಅಪಮಾನವೇನೂ ಅಲ್ಲ.

ಇನ್ನು ನಿಶ್ಚಿತವಾದ ಶೋಧಗಳ ಕಾಲಕ್ಕೆ ಬರೋಣ. ಅದರ ಹೊಸ್ತಿಲಲ್ಲೂ ಒಂದು ಎಡವು ಇದೆ. ಗಡಿಯಾರದಂತೆ ತಪ್ಪದೆ ಮಿಡಿಯುವ ಪಲ್ಸಾರ್ ನಕ್ಷತ್ರವೊಂದರ ಮಿಡಿತದಲ್ಲಿ ಆರು ತಿಂಗಳ ಏರಿಳಿತ ಕಂಡು, 1991ರಲ್ಲಿ ಇಂಗ್ಲೆಂಡಿನ ಆಂಡ್ರೂ ಲೈನ್ ತಂಡ ಅಲ್ಲಿ ಗ್ರಹವಿದೆ ಎಂದಿತು. ಆರು ತಿಂಗಳೆಂದರೆ ನಮ್ಮ ವರ್ಷದ ಸರಿಯಾದ ಅರ್ಧ, ಇದು ಸಂಶಯಕ್ಕೆ ಎಡೆಕೊಡಬೇಕಾದ ಸಂಖ್ಯೆ. ಭೂಮಿಯ ಕಕ್ಷೆಯ ತಿದ್ದುಪಡಿಯನ್ನು ಲೆಕ್ಕಕ್ಕೆ ತರುವಲ್ಲಿ ದೋಷವಿದ್ದುದನ್ನು ಲೈನ್ ತಾನೇ ಪತ್ತೆಹಚ್ಚಿ, 1992ರ ಜನವರಿಯಲ್ಲಿ ಅಮೆರಿಕದ ಖಗೋಲಜ್ಞರ ತುಂಬಿದ ಸಭೆಯಲ್ಲಿ ಎದ್ದುನಿಂತು ಆ ಗ್ರಹವನ್ನು ಹಿಂತೆಗೆದುಕೊಂಡ. ಸಭೆ ಚಪ್ಪಾಳೆ ತಟ್ಟಿತು. ಅದೇ ತಿಂಗಳು ವೋಲ್ಶಾನ್ ಮತ್ತು ಫ್ರೇಲ್ ಬೇರೊಂದು ಪಲ್ಸಾರಿನ ಸುತ್ತ ಎರಡು ಗ್ರಹಗಳನ್ನು ಪ್ರಕಟಿಸಿದರು. ಅವು ಇಂದಿಗೂ ನಿಂತಿವೆ. ಸೂರ್ಯನಂಥ ನಕ್ಷತ್ರದ ಸುತ್ತ ಮೊದಲ ಗ್ರಹ ದೊರೆತದ್ದು 1995ರಲ್ಲಿ. ಸ್ವಿಟ್ಜರ್ಲೆಂಡಿನ ಮೇಯರ್ ಮತ್ತು ಕೆಲೋಜ್ ಪೆಗಾಸಸ್ ಮಂಡಲದ 51ನೆಯ ನಕ್ಷತ್ರದ ಗೆರೆಗಳು ನಾಲ್ಕು ದಿನ ಚಿಲ್ಲರೆಗೊಮ್ಮೆ ಜರುಗುವುದನ್ನು ಕಂಡರು. ಹಿಂಗಾರಿ ಬಿತ್ತನೆ ಮುಗಿದ ಕಾರ್ತಿಕದ ಇರುಳು ಸಿಂದಗಿ, ಮುದ್ದೇಬಿಹಾಳದ ಕಡೆಯ ಬಯಲಿನಲ್ಲಿ ದೀಪಗಳಿಂದ ದೂರ ನಿಂತವರಿಗೆ ಆ ನಕ್ಷತ್ರ ಬರಿಗಣ್ಣಿಗೇ ಕಂಡೀತು: ಪೂರ್ವಾಭಾದ್ರದ ಎರಡು ತಾರೆಗಳನ್ನು ಕೂಡಿಸುವ ಗೆರೆಯ ನಡುವಿನಿಂದ ತುಸು ಪಡುವಕ್ಕೆ, ಬಲು ಮಂದವಾಗಿ. ಐವತ್ತು ಜ್ಯೋತಿರ್ವರ್ಷ ದೂರದ ಅದರ ಅಲುಗಾಟ ಸೆಕೆಂಡಿಗೆ ಐವತ್ತೈದು ಮೀಟರಿನಷ್ಟು.

ನಾಲ್ಕು ದಿನದ ವರ್ಷವಿರುವ, ಗುರುವಿನಷ್ಟು ದೊಡ್ಡದಾದ ಗ್ರಹವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಅಮೆರಿಕದ ಮಾರ್ಸಿ ಮತ್ತು ಬಟ್ಲರ್ ಕೆಲವೇ ದಿನಗಳಲ್ಲಿ ಅದೇ ಅಲುಗಾಟವನ್ನು ಕಂಡು ಸಾಕ್ಷಿ ನುಡಿದರು. ಆದರೆ 1997ರಲ್ಲಿ ಕೆನಡಾದ ಡೇವಿಡ್ ಗ್ರೇ, ಗೆರೆಗಳು ಜರುಗುವುದಷ್ಟೇ ಅಲ್ಲ, ಅವುಗಳ ಆಕಾರವೂ ಬದಲಾಗುತ್ತಿದೆ, ಆದ್ದರಿಂದ ಇದು ನಕ್ಷತ್ರದ ಮೈಯೇ ಮಿಡಿಯುತ್ತಿರುವುದು, ಗ್ರಹವಲ್ಲ ಎಂದ. ಹೆಚ್ಚು ಸೂಕ್ಷ್ಮವಾಗಿ ಅಳೆದಾಗ ಆಕಾರದ ಬದಲಾವಣೆ ಕಾಣದೆ ಹೋಗಲು ಮರುವರ್ಷ ಆಕ್ಷೇಪವನ್ನು ಅವನೇ ಬಿಟ್ಟುಕೊಟ್ಟ. ವಾದ ಪೂರ್ತಿಯಾಗಿ ಮುಗಿದದ್ದು 1999ರಲ್ಲಿ. ಅಲುಗಾಟದಿಂದ ಪತ್ತೆಯಾಗಿದ್ದ ಇನ್ನೊಂದು ಗ್ರಹ ತನ್ನ ನಕ್ಷತ್ರದ ಮುಂದೆ ಯಾವ ಹೊತ್ತಿಗೆ ಹಾಯಬೇಕೆಂದು ಲೆಕ್ಕ ಹೇಳುತ್ತಿತ್ತೋ ಅದೇ ಹೊತ್ತಿಗೆ ಆ ನಕ್ಷತ್ರದ ಬೆಳಕು ನೂರಕ್ಕೆ ಒಂದೂವರೆಯಷ್ಟು ಕುಗ್ಗಿತು. ರೋಹಿತದ ಸಾಕ್ಷ್ಯವೂ ಗ್ರಹಣದ ಸಾಕ್ಷ್ಯವೂ ಒಂದನ್ನೊಂದು ಕೇಳದೆ ಒಂದೇ ಮಾತನ್ನು ಹೇಳಿದವು. ಸಾಲೋಟಗಿಯ ಶಾಸನದಲ್ಲಿ ವಾರವೂ ಗ್ರಹಣವೂ ಕೂಡಿದ ಹಾಗೆ.

2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ಗ್ರಹಣದ ದಾರಿಯನ್ನೇ ಹಿಡಿದು 2018ರವರೆಗೆ ದುಡಿಯಿತು. ಎರಡು ಸಾವಿರದ ಆರುನೂರಕ್ಕೂ ಹೆಚ್ಚು ಗ್ರಹಗಳು ಅದರ ಸಂಗ್ರಹದಿಂದ ದೊರೆತಿವೆ. ಸೂರ್ಯನ ಮುಂದೆ ಭೂಮಿ ಹಾಯ್ದರೆ ದೂರದವನಿಗೆ ಕಡಿಮೆಯಾಗಿ ಕಾಣುವ ಬೆಳಕು ಹನ್ನೆರಡು ಸಾವಿರದಲ್ಲಿ ಒಂದು ಪಾಲು. ಅಷ್ಟನ್ನು ಅಳೆಯಬಲ್ಲ ಯಂತ್ರಕ್ಕೆ ಮೋಸವಾಗಲು ದಾರಿಗಳೂ ಅಷ್ಟೇ ಇವೆ. ನೋಡುತ್ತಿರುವ ನಕ್ಷತ್ರದ ಹಿಂದೆ ಬಹುದೂರದಲ್ಲಿ ಜೋಡಿ ನಕ್ಷತ್ರವೊಂದು ಇದ್ದು, ಅವು ಒಂದನ್ನೊಂದು ಮರೆಮಾಡಿಕೊಳ್ಳುತ್ತಿದ್ದರೆ, ಆ ದೊಡ್ಡ ಗ್ರಹಣ ಮುಂದಿನ ನಕ್ಷತ್ರದ ಬೆಳಕಿನಲ್ಲಿ ಬೆರೆತು ಗ್ರಹದ ಚಿಕ್ಕ ಗ್ರಹಣದಂತೆ ತೋರುತ್ತದೆ. ಆದ್ದರಿಂದಲೇ ಕೆಪ್ಲರ್ ಕಂಡದ್ದನ್ನೆಲ್ಲ ಗ್ರಹವೆನ್ನದೆ ಉಮೇದುವಾರರು ಎಂದು ಕರೆದರು. 2016ರಲ್ಲಿ ಸಾಂಟೆರ್ನ್ ಎಂಬವರ ತಂಡ ಕೆಪ್ಲರಿನ 129 ದೈತ್ಯಗ್ರಹದ ಉಮೇದುವಾರರನ್ನು ರೋಹಿತದಿಂದ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಗ್ರಹಗಳೇ ಅಲ್ಲವೆಂದು ತಿಳಿಯಿತು. ಚಿಕ್ಕ ಗ್ರಹಗಳಲ್ಲಿ, ಅದರಲ್ಲೂ ಒಂದೇ ನಕ್ಷತ್ರದ ಮುಂದೆ ಹಲವು ಹಾಯುವಲ್ಲಿ, ಮೋಸ ಬಹಳ ಕಡಿಮೆ.

ನಮ್ಮ ದೇಶದಲ್ಲಿ ಇಂಥ ಒರೆಹಚ್ಚುವ ಕೆಲಸ ನಡೆದಿರುವುದು ಅಬು ಪರ್ವತದ ಗುರುಶಿಖರದಲ್ಲಿ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಪಾರಸ್ ಎಂಬ ರೋಹಿತಮಾಪಕವನ್ನು ಅಲ್ಲಿ ತಾವೇ ನಿರ್ಮಿಸಿದರು. ಕೆಪ್ಲರ್ ಉಮೇದುವಾರನೆಂದು ಗುರುತಿಸಿದ್ದ ಒಂದು ಕಾಯದ ಎಳೆತವನ್ನು ಅದರಿಂದ ಅಳೆದು, ಭೂಮಿಯ 27ರಷ್ಟು ತೂಕ, ಆರರಷ್ಟು ಅಗಲ, ಹತ್ತೊಂಬತ್ತೂವರೆ ದಿನಗಳ ವರ್ಷವುಳ್ಳ ಗ್ರಹವೆಂದು 2018ರಲ್ಲಿ ಸ್ಥಿರಪಡಿಸಿದರು. ಗ್ರಹಣ ಅಗಲವನ್ನು ಹೇಳುತ್ತದೆ, ರೋಹಿತ ತೂಕವನ್ನು ಹೇಳುತ್ತದೆ. ಎರಡೂ ಸೇರಿದಾಗಲೇ ಆ ಕಾಯ ಕಲ್ಲೋ ಅನಿಲವೋ ಎಂದು ಯೋಚಿಸಲು ಬರುತ್ತದೆ.

ನೇರವಾಗಿ ಚಿತ್ರ ತೆಗೆದರೆ ಈ ತಾಪತ್ರಯಗಳೇ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ದಕ್ಷಿಣ ಮೀನ ಮಂಡಲದ ಫೋಮಲ್‌ಹಾಟ್ ನಕ್ಷತ್ರದ ಬಳಿ ಹಬಲ್ ದೂರದರ್ಶಕ ತೆಗೆದ ಚಿತ್ರಗಳಲ್ಲಿ ಚುಕ್ಕೆಯೊಂದು ಸರಿಯುತ್ತಿರುವುದು ಕಂಡು, 2008ರಲ್ಲಿ ಅದನ್ನು ಗ್ರಹವೆಂದು ಸಾರಿದರು. ಚುಕ್ಕೆ ವರ್ಷದಿಂದ ವರ್ಷಕ್ಕೆ ಹರಡಿಕೊಂಡು ಮಂಕಾಗುತ್ತ ಹೋಗಿ, ಮುಂದಿನ ಚಿತ್ರಗಳಲ್ಲಿ ಕಾಣದಾಯಿತು. ಎರಡು ಕಾಯಗಳು ಡಿಕ್ಕಿ ಹೊಡೆದು ಎದ್ದ ಧೂಳು ಅದಾಗಿತ್ತೆಂದು 2020ರಲ್ಲಿ ಪ್ರಕಟವಾದ ವಿವೇಚನೆ. ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡಬೇಕಾಗುತ್ತದೆ. ಬರ್ನಾರ್ಡನ ನಕ್ಷತ್ರದ ಕಥೆಯಾದರೋ ಇನ್ನೊಂದು ತಿರುವು ಪಡೆಯಿತು. 2018ರಲ್ಲಿ ಅಲ್ಲಿ 233 ದಿನಗಳ ಗ್ರಹವೆಂದರು. 2021ರಲ್ಲಿ ಅದು ನಕ್ಷತ್ರದ ಸ್ವಂತ ಚಟುವಟಿಕೆಯ ಫಲವೆಂದು ಕೈಬಿಟ್ಟರು. 2024ರಲ್ಲಿ ಮೂರು ದಿನ ಚಿಲ್ಲರೆಯ ವರ್ಷವುಳ್ಳ ಚಿಕ್ಕದೊಂದು ಗ್ರಹ, 2025ರಲ್ಲಿ ಬೇರೊಂದು ಉಪಕರಣದ ಬೆಂಬಲದಿಂದ ಒಟ್ಟು ನಾಲ್ಕು ಗ್ರಹಗಳು ದೃಢಪಟ್ಟವು. ನಾಲ್ಕೂ ಭೂಮಿಗಿಂತ ಹಗುರ. ವಾನ್ ಡಿ ಕಾಂಪ್ ಹೇಳಿದ ಗ್ರಹ ಅವುಗಳಲ್ಲಿಲ್ಲ. ಅವನು ತೀರಿಕೊಂಡದ್ದು 1995ರ ಮೇ ತಿಂಗಳಲ್ಲಿ, ಪೆಗಾಸಸ್ಸಿನ ಸುದ್ದಿ ಬರಲು ಇನ್ನು ಐದು ತಿಂಗಳಿರುವಾಗ.

2019ರಲ್ಲಿ ಅಂತರರಾಷ್ಟ್ರೀಯ ಖಗೋಲ ಒಕ್ಕೂಟವು ಒಂದೊಂದು ದೇಶಕ್ಕೆ ಒಂದೊಂದು ನಕ್ಷತ್ರವನ್ನೂ ಅದರ ಗ್ರಹವನ್ನೂ ಹೆಸರಿಡಲೆಂದು ಒಪ್ಪಿಸಿತು. ಭಾರತದ ಪಾಲಿಗೆ ಬಂದದ್ದು ಮಘಾ ನಕ್ಷತ್ರದ ತೆಂಕಣಕ್ಕಿರುವ ಸೆಕ್ಸ್‌ಟನ್ಸ್ ಎಂಬ ಮಂಡಲದ, ಬರಿಗಣ್ಣಿಗೆ ಕಾಣದ ತಾರೆ. ವಿಶ್ವಕಿರಣಗಳ ಸಂಶೋಧಕಿ ಬಿಭಾ ಚೌಧುರಿಯವರ ನೆನಪಿಗೆ ತಾರೆಗೆ ಬಿಭಾ ಎಂದು, ಗ್ರಹಕ್ಕೆ ಸಂತಮಸ ಎಂದು ಹೆಸರಾಯಿತು. ಸಂತಮಸವೆಂದರೆ ಎಲ್ಲೆಡೆ ಕವಿದ ಕತ್ತಲೆ. 2006ರಲ್ಲಿ ಪತ್ತೆಯಾದ ಆ ಗ್ರಹಕ್ಕೆ ಎರಡು ದಿನ ಮೂರು ತಾಸಿನ ವರ್ಷ. ಅದರ ಬಗೆಗೆ ಇರುವ ಸಾಕ್ಷ್ಯ ರೋಹಿತದ ಗೆರೆಗಳ ಜರುಗು ಒಂದೇ. ಅದು ಯಾವ ಓರೆಯಲ್ಲಿ ಸುತ್ತುತ್ತಿದೆ ಎಂದು ತಿಳಿಯದ್ದರಿಂದ ತೂಕ ಗುರುವಿನ ಒಂದೂವರೆಯಷ್ಟಕ್ಕೆ ಕಡಿಮೆಯಿಲ್ಲ ಎಂದು ಮಾತ್ರ ಹೇಳಬಹುದು. ತನ್ನ ಸೂರ್ಯನ ಮುಂದೆ ಅದು ಹಾಯ್ದದ್ದನ್ನು ಈವರೆಗೆ ಯಾರೂ ಕಂಡಿಲ್ಲ.